ತಿಥಿಯ ಎಡೆಯಲ್ಲಿ ಮಿಸುಕಿದ ಆಕ್ಟೋಪಸ್

ಮುಆನ್ ಕಡಲತೀರದ ಕೆಸರಿನಲ್ಲಿ ನಲವತ್ತೊಂದು ವರ್ಷ ಯುದ್ಧ ಮಾಡಿಯೂ ಸೋಲದ ಸೇನಾನಿ ಎಂದರೆ ಜೊಮ್‌ಸುನ್ ಒಬ್ಬಳೇ. ಶತ್ರು, ಎಂಟು ಕಾಲಿನ ಸಣ್ಣ ಆಕ್ಟೋಪಸ್. ಆಯುಧ, ಹಿಡಿ ಸವೆದ ಸಲಿಕೆ. ಇಳಿತದ ಹೊತ್ತಿನಲ್ಲಿ ಕೆಸರು ಚೂರು ಉಬ್ಬಿ ಉಸಿರಾಡಿದ್ದು ಕಂಡರೆ ಸಾಕು, ಮೊಳಕೈವರೆಗೆ ಕೈ ಇಳಿಸಿ ವೈರಿಯನ್ನು ಎಳೆದು ತರುತ್ತಿದ್ದಳು.

ಯುದ್ಧಕ್ಕೂ ಅವಳದೊಂದು ಧರ್ಮವಿತ್ತು. ಒಂದೇ ಏಟಿಗೆ ತಲೆ ಬೇರೆ ಮಾಡಬೇಕು, ಆಮೇಲೆ ಕಾಲುಗಳನ್ನು ಕೊಚ್ಚಬೇಕು. ಇಡಿಯಾಗಿ ಬಾಯಿಗೆ ತುರುಕಿಕೊಳ್ಳುವ ಶೂರರಿಗೆ ಅವಳು ಮಾರುತ್ತಲೇ ಇರಲಿಲ್ಲ. "ಇಡೀದು ನುಂಗೋನು ಎರಡು ಜೀವ ತೆಗೀತಾನೆ, ಅದ್ರಲ್ಲಿ ಒಂದು ತನ್ನದೇ," ಎನ್ನುತ್ತಿದ್ದಳು.

ಗಂಡನಿಗೆ ದಿನವೂ ಸಂಜೆ ಆಗತಾನೇ ಕೊಚ್ಚಿದ, ಇನ್ನೂ ಮಿಸುಕುವ ಹಸಿ ತುಂಡುಗಳ ಒಂದು ತಟ್ಟೆ ಬೇಕೇ ಬೇಕಾಗಿತ್ತು. ಲಕ್ವ ಹೊಡೆದು ಅವನಿಗೆ ನುಂಗುವುದೇ ಕಷ್ಟವಾದಾಗ ಡಾಕ್ಟರು ಗಂಜಿ ಬಿಟ್ಟು ಬೇರೇನೂ ಕೂಡದೆಂದರು. ಅವನು ದಿನವೂ ಕೇಳಿದ, ಅವಳು ದಿನವೂ ಇಲ್ಲವೆಂದಳು. ಗಂಜಿ ಕುಡಿಯುತ್ತಲೇ ಅವನು ಹೋದ. ಮೊದಲ ವರ್ಷದ ತಿಥಿಗಾದರೂ ಆ ತಟ್ಟೆ ಇಡದಿದ್ದರೆ ತಾನು ಹೆಂಡತಿಯೇ ಅಲ್ಲ ಎಂದು ಅವಳು ನಿರ್ಧರಿಸಿಬಿಟ್ಟಿದ್ದಳು.

ಇಟ್ಟಳು. ಆದರೆ ಪೂಜೆ ಮಾಡಿಸಬೇಕಾಗಿದ್ದವನು ಮೈದುನ ಪಾನ್‌ಗಿಲ್. ಎಡೆಯ ಮೀನಿನ ತಲೆ ಪೂರ್ವ ದಿಕ್ಕಿನಿಂದ ಒಂದು ಬೆರಳು ವಾರೆಯಾದರೂ ಪೂರ್ವಜರು ಎದ್ದು ಹೋಗುತ್ತಾರೆಂದು ನಂಬಿದವನು.

"ಅತ್ತಿಗೆ, ಸತ್ತೋರ ಎಡೇಲಿ ಬದುಕಿರೋದನ್ನ ಇಡೋ ಹಾಗಿಲ್ಲ."

"ಇದೂ ಸತ್ತಿದೆ ಕಣಪ್ಪ. ತಲೆ ಅಡುಗೆಮನೇಲಿದೆ, ಬೇಕಾದ್ರೆ ಹೋಗಿ ವಿಚಾರಿಸ್ಕೊಂಡ್ ಬಾ."

"ಮತ್ತೆ ಇದ್ಯಾಕೆ ತಟ್ಟೆಯಿಂದ ಇಳೀತಾ ಇದೆ?"

ತೀರ್ಪಿಗೆ ಪಾನ್‌ಗಿಲ್‌ನ ಮಗ, ವಿಜ್ಞಾನದ ಮೇಷ್ಟ್ರು ಇನ್‌ಹೋನನ್ನು ಕರೆದರು.

"ಇದರ ನರಕೋಶಗಳಲ್ಲಿ ಮೂರರಲ್ಲಿ ಎರಡು ಪಾಲು ಕಾಲಲ್ಲೇ ಇರತ್ತಪ್ಪ. ತಲೆ ಹೋಗಿದ್ದು ಕಾಲಿಗಿನ್ನೂ ಗೊತ್ತಾಗಿಲ್ಲ."

"ನೋವಾಗತ್ತಾ?" ಪಾನ್‌ಗಿಲ್ ದನಿ ತಗ್ಗಿಸಿದ.

"ಇಡೀ ಪ್ರಾಣಿಗೆ ಆಗತ್ತೆ. ಬಿಡಿ ಕಾಲಿಗೆ ಅದು ತಿಳಿಯತ್ತಾ ಅನ್ನೋದು ಖಚಿತವಾಗಿ ಯಾರಿಗೂ ಗೊತ್ತಿಲ್ಲ."

"ಗೊತ್ತಿಲ್ಲ ಅನ್ನೋದಕ್ಕಾ ನಿನ್ನನ್ನ ಅಷ್ಟು ವರ್ಷ ಓದಿಸಿದ್ದು?"

ಕೊನೆಗೆ ಪಾನ್‌ಗಿಲ್ ಆಜ್ಞೆ ಹೊರಡಿಸಿದ: ಮಿಸುಕಾಟ ನಿಂತರೆ ಎಡೆ, ಇಲ್ಲದಿದ್ದರೆ ಬೆಕ್ಕಿಗೆ. ಗರಿಗರಿ ಬಿಳಿ ಬಟ್ಟೆ ತೊಟ್ಟ ಮೂವರು ಮಂಡಿಯೂರಿ ತಟ್ಟೆಯನ್ನೇ ದಿಟ್ಟಿಸುತ್ತ ಕೂತರು. ಪಾನ್‌ಗಿಲ್ ಆಗಾಗ ಕಡ್ಡಿಯಿಂದ ಚುಚ್ಚಿ ನೋಡಿದ. ಚುಚ್ಚಿದಾಗಲೆಲ್ಲ ಅದು ಮತ್ತೆ ಎದ್ದಿತು. ಚುಚ್ಚುವುದನ್ನು ನಿಲ್ಲಿಸಿದರೆ ಸಾಯುತ್ತದೆಂದು ಮಗ ಹೇಳಿದ ಮೇಲೆಯೇ ಅದಕ್ಕೆ ಶಾಂತಿ ಸಿಕ್ಕಿದ್ದು. ಅರ್ಧ ಗಂಟೆಯ ಬಳಿಕ ಪಾನ್‌ಗಿಲ್ ಗಂಭೀರವಾಗಿ ಮರಣ ಘೋಷಿಸಿದ.

ಜೊಮ್‌ಸುನ್ ಕೂಡಲೇ ಎಡೆಯಲ್ಲಿದ್ದ ಸೋಯಾ ಸಾಸ್ ಎತ್ತಿ ತುಂಡುಗಳ ಮೇಲೆ ಧಾರಾಳವಾಗಿ ಸುರಿದಳು. "ಅವರಿಗೆ ಇದಿಲ್ದೆ ಇಳಿಯಲ್ಲ."

ಪಾನ್‌ಗಿಲ್ ತಟ್ಟೆಯ ಮೇಲೆ ಊಟದ ಕಡ್ಡಿಗಳನ್ನಿಟ್ಟ. ಸತ್ತವರು ಸಂಕೋಚವಿಲ್ಲದೆ ಒಂಬತ್ತು ತುತ್ತು ಉಣ್ಣಲೆಂದು, ವಾಡಿಕೆಯಂತೆ, ಎಲ್ಲರೂ ಹೊರಗೆ ಬಂದು ಬಾಗಿಲು ಹಾಕಿಕೊಂಡರು. ಆಮೇಲೆ ಅವನು, ಒಳಗೆ ಬರುತ್ತಿದ್ದೇವೆಂದು ಸತ್ತವರಿಗೆ ತಿಳಿಸಲು, ಮೂರು ಸಲ ಕೆಮ್ಮಿ ಬಾಗಿಲು ತೆರೆದ.

ಒಂದು ಕಡ್ಡಿ ಇಟ್ಟಲ್ಲಿ ಇರಲಿಲ್ಲ. ತುಂಡೊಂದು ಅದನ್ನು ಸುತ್ತಿ ಹಿಡಿದು ತಟ್ಟೆಯ ಅಂಚಿನಾಚೆ ಅರ್ಧ ಎಳೆದಿತ್ತು. ಉಳಿದ ತುಂಡುಗಳೂ ಸಂಭ್ರಮದಲ್ಲಿದ್ದವು. ಪಾನ್‌ಗಿಲ್ ನಿಂತಲ್ಲೇ ಕುಸಿದು ಹಣೆ ನೆಲಕ್ಕೆ ಹಚ್ಚಿದ.

"ಅದು ಉಪ್ಪಿನ ಕೆಲಸ ಅಪ್ಪ," ಇನ್‌ಹೋ ಶುರುಮಾಡಿದ. "ಸೋಯಾದಲ್ಲಿರೋ ಸೋಡಿಯಂ ನರಕ್ಕೆ ತಗುಲಿದ್ರೆ..."

"ಬಾಯ್ಮುಚ್ಚೋ. ದೊಡ್ಡಪ್ಪ ಊಟ ಮಾಡ್ತಿದಾರೆ."

ಹೊರಗೆ, ಇನ್‌ಹೋ ಹಿಂದಿರುಗಬೇಕಿದ್ದ ಪೇಟೆಯ ಕೊನೆಯ ಬಸ್ಸು ಹಾರ್ನ್ ಮಾಡಿತು. ಎಡೆ ತೆಗೆಯೋಣವೇ ಎಂದು ಇನ್‌ಹೋ ಕಣ್ಣಲ್ಲೇ ಕೇಳಿದ. ಉಣ್ಣುವವರನ್ನು ಎಬ್ಬಿಸುವುದುಂಟೇ? ಅಪ್ಪ ತಲೆ ಎತ್ತಲಿಲ್ಲ. ಬಸ್ಸು ಹೋಯಿತು.

ಜೊಮ್‌ಸುನ್ ಹತ್ತಿರ ಸರಿದು ಕೂತು, ತಟ್ಟೆಯನ್ನು ಗಂಡನ ಫೋಟೋದ ಕಡೆಗೆ ಚೂರು ತಳ್ಳಿದಳು.

"ಅವಸರ ಇಲ್ಲ ರೀ," ಎಂದಳು. "ಚೆನ್ನಾಗಿ ಅಗಿದು ತಿನ್ನಿ."