ನಮ್ಮಕ್ಕನ ಗೇನ್ ತಿರುಪು

ನಮ್ಮಕ್ಕನ ಬಲಗಿವಿ ಹೋಗಿ ವರ್ಷವಾಯಿತು. ಕಿವಿ ತಾನೇ ಹೋದದ್ದು, ಬುದ್ಧಿಯೇನೂ ಹೋಗಲಿಲ್ಲವಲ್ಲ! ಕಾರಿಗೆ ಸ್ಪೀಕರ್, ಆಂಪ್ಲಿಫೈಯರ್ ಕೂರಿಸುವ ಅಂಗಡಿ ನಮ್ಮ ಸೋದರಮಾವನದು. ಕೂರಿಸುವ ಕೈ ಅಕ್ಕನದು. ಚಿಕ್ಕವಳಿದ್ದಾಗಲೇ ಮನೆಯ ರೇಡಿಯೋ ಬಿಚ್ಚಿಟ್ಟು ಅಮ್ಮನ ಕೈಲಿ ಏಟು ತಿಂದವಳು ಅವಳು. ನಾನು ಅಲ್ಲೇ ಸೀಟ್ ಕವರ್ ಹೊಲಿಯುತ್ತೇನೆ.

"ನಾಳೆಯಿಂದ ನೀನೂ ತಂಗಿ ಜೊತೆ ಹೊಲಿಗೆಗೆ ಕೂತ್ಕೊ," ಎಂದ ಮಾವ ಒಂದು ಬೆಳಿಗ್ಗೆ ಅಕ್ಕನಿಗೆ. "ಕಿವುಡಿ ಕೈಲಿ ಸೌಂಡ್ ಸೆಟ್ ಮಾಡ್ಸಿದ್ರೆ ಜನ ನಗ್ತಾರೆ."

"ನಗ್ಲಿ ಬಿಡು ಮಾವ. ನಾನಂತೂ ಈ ಕೆಲ್ಸ ಬಿಡಲ್ಲ."

ಈ ಅಂಗಡಿಯ ಗದ್ದಲದಲ್ಲೇ ಹೋದ ಕಿವಿ ಅದು!

ಅಂದೇ ಒಬ್ಬ ಟ್ಯಾಕ್ಸಿಯವನ ಕಾರಿಗೆ ಮಾವ ತಾನೇ ಕೈಹಾಕಿದ. ಆಂಪ್ಲಿಫೈಯರಿನ ಗೇನ್ ತಿರುಪನ್ನು ಕೊನೆಯವರೆಗೂ ತಿರುಗಿಸಿ, "ಈಗ ನೋಡಿ ಮಜಾ!" ಎಂದ. ಗೇನ್ ಎಂದರೆ ವಾಲ್ಯೂಮ್ ಎಂದೇ ಅವನ ನಂಬಿಕೆ. ನಿಜವಾಗಿ ಅದು, ರೇಡಿಯೋದಿಂದ ಬರುವ ಸಿಗ್ನಲ್ ಎಷ್ಟು ಬಲವಾಗಿದೆಯೋ ಅದಕ್ಕೆ ಆಂಪ್ಲಿಫೈಯರನ್ನು ಹೊಂದಿಸುವ ತಿರುಪು. ಸಿಗ್ನಲ್ ಬಲವಾಗಿದ್ದರೆ ಗೇನ್ ಕಡಿಮೆ ಸಾಕು. ಮಿತಿ ಮೀರಿದರೆ ಹಾಡು ಒಡೆಯುತ್ತದೆ, ಕೊನೆಗೆ ಸ್ಪೀಕರೇ ಸುಟ್ಟುಹೋಗುತ್ತದೆ.

ಹಾಡು ಒಡೆಯಿತು. ಸ್ಪೀಕರೇ ಸರಿಯಿಲ್ಲ ಎಂದ ಮಾವ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ!

ಅಕ್ಕ ಅವನ ಕೈಯಿಂದ ಸ್ಕ್ರೂಡ್ರೈವರ್ ಕಿತ್ತುಕೊಂಡಳು. ಗೇನನ್ನು ಪೂರ್ತಿ ಇಳಿಸಿ, ಸ್ಪೀಕರಿನ ತಂತಿ ಬಿಚ್ಚಿ, ಆಂಪ್ಲಿಫೈಯರಿಗೆ ವೋಲ್ಟೇಜ್ ಅಳೆಯುವ ಮೀಟರ್ ಹಿಡಿದಳು. ರೇಡಿಯೋ ವಾಲ್ಯೂಮನ್ನು ಮುಕ್ಕಾಲಿಗೆ ಏರಿಸಿ ಒಂದೇ ಸಮನಾದ ಸ್ವರ ಹಾಕಿದಳು. ಮೀಟರಿನ ಅಂಕಿ ಆ ಸ್ಪೀಕರ್ ತಡೆದುಕೊಳ್ಳುವ ಮಟ್ಟಕ್ಕೆ ಬರುವವರೆಗೆ ಗೇನನ್ನು ಚೂರುಚೂರೇ ಏರಿಸಿ, ಅಲ್ಲಿಗೆ ನಿಲ್ಲಿಸಿದಳು. ಇದಕ್ಕೆ ಬೇಕಾದದ್ದು ಕಣ್ಣು, ತಾಳ್ಮೆ.

ಮತ್ತೆ ತಂತಿ ಸೇರಿಸಿ, ವಾಲ್ಯೂಮ್ ಇಳಿಸಿ ಹಾಡು ಹಾಕಿದಳು. "ಅಯ್ಯೋ, ಸೌಂಡೇ ಹೋಯ್ತಲ್ಲ!" ಎಂದ ಟ್ಯಾಕ್ಸಿಯವನು.

"ರೇಡಿಯೋದಲ್ಲಿ ಏರ್ಸಿ. ವಾಲ್ಯೂಮ್ ಇರೋದು ಅದಕ್ಕೇ ಅಲ್ವಾ?"

ಏರಿಸಿದ. ಕಾರಿನ ಬಾಗಿಲುಗಳು ನಡುಗಿದವು. ಹಾಡು ಎಲ್ಲೂ ಒಡೆಯಲಿಲ್ಲ.

ಮಾವ ಅಕ್ಕನ ಎಡಗಿವಿಯ ಹತ್ತಿರ ಬಂದು ಪಿಸುಗುಟ್ಟಿದ. "ಸರಿ, ನೀನೇ ಮಾಡ್ಕೊ. ಆದ್ರೆ ಕಿವಿ ವಿಷ್ಯ ಗಿರಾಕಿಗಳಿಗೆ ಗೊತ್ತಾಗ್ಬಾರ್ದು. ತೆಪ್ಪಗಿರು."

ಅಷ್ಟರಲ್ಲಿ ಟ್ಯಾಕ್ಸಿಯವನು ಅವಳ ಬಲಕ್ಕೆ ನಿಂತು ಏನೋ ಕೇಳಿದ.

"ನಂಗೆ ಬಲಗಿವಿ ಕೇಳಲ್ಲ!" ಇಡೀ ಅಂಗಡಿಗೆ ಕೇಳುವಂತೆ ಹೇಳಿದಳು ಅಕ್ಕ. "ಈ ಅಂಗ್ಡೀಲೇ ಹೋಗಿದ್ದು. ಎಡಕ್ಕೆ ಬಂದು ಮಾತಾಡಿ."

ಟ್ಯಾಕ್ಸಿಯವನು ಸುತ್ತಿಕೊಂಡು ಎಡಕ್ಕೆ ಬಂದ. ಜಾಗ ಬಿಟ್ಟುಕೊಟ್ಟ ಮಾವ ಬಲಗಡೆ ನಿಂತು ಏನೇನೋ ಗೊಣಗಿದ. ಒಂದೂ ಅವಳಿಗೆ ಕೇಳಲಿಲ್ಲ.