ಮಗ್ಗ ನಿಲ್ಲಿಸಿದ ನಾಲ್ಕು ದಿನ

"ಸ್ವಲ್ಪ ಆ ಮಗ್ಗ ನಿಲ್ಲಸ್ತೀಯೇನು? ತಲಿ ಚಿಟ್ಟು ಹಿಡದೈತಿ."

ಹೆಂಡತಿಗೆ ಹಾಗಂದವನು ನಾನೇ. ನಾರಾಯಣಪೇಟೆಯ ನಮ್ಮ ಮನೆಯಲ್ಲಿ ನನ್ನ ಮೇಜಿಗೂ ಸುಜಾತಳ ಮಗ್ಗಕ್ಕೂ ನಡುವೆ ಒಂದೇ ಗೋಡೆ. ಇಪ್ಪತ್ತು ವರ್ಷದಿಂದ ಆ ಸದ್ದಿನಲ್ಲೇ ಉಂಡಿದ್ದೇನೆ, ಮಲಗಿದ್ದೇನೆ, ನಿಮಗೆ ವಾರವಾರ ಈ ಅಂಕಣ ಬರೆದಿದ್ದೇನೆ. ಈ ಸಲ ಮಾತ್ರ ಅದು ತೊಂದರೆಯಾಯಿತಂತೆ!

ನಿಜವೇನೆಂದರೆ, ತಿಂಗಳಿಂದ ಒಳಗೇ ಏನೋ ಸರಿಯಿರಲಿಲ್ಲ. ಕೂತರೆ ಎದೆ ಢವಢವ. ಯಾವುದೋ ಕೆಲಸ ಮರೆತಂತೆ, ಯಾರೋ ಬೈಯಲು ಬರುತ್ತಿರುವಂತೆ. ಒಂದು ಸಾಲು ಬರೆದು ಅಳಿಸು, ಎದ್ದು ನೀರು ಕುಡಿ, ಮತ್ತೆ ಕೂತು ಫೋನ್ ನೋಡು. ಅಂಕಣ ಎರಡು ವಾರ ತಪ್ಪಿತ್ತು. ಸಂಪಾದಕರ ಫೋನ್ ಬಂದರೆ ಬಚ್ಚಲಿಗೆ ಹೋಗಿ ನಿಲ್ಲುತ್ತಿದ್ದೆ. (ವಯಸ್ಸು ಐವತ್ತೆರಡು!) ಇದನ್ನೆಲ್ಲ ಹೆಂಡತಿಗೆ ಹೇಳಲು ನಾಚಿಕೆ. ಮಗ್ಗದ ಮೇಲೆ ಹಾಕುವುದು ಸುಲಭವಲ್ಲವೇ?

ಆಗ ಮಗ್ಗದ ಮೇಲಿದ್ದದ್ದು ಮಾರುವ ಸೀರೆಯಲ್ಲ. ಗದ್ವಾಲ್‌ನಲ್ಲಿರುವ ಅವಳ ತಂಗಿಯ ಮಗಳ ಮದುವೆ. ಸ್ವಂತ ಊರಲ್ಲೇ ಗದ್ವಾಲ್ ಸೀರೆ ಸಿಗುತ್ತಿದ್ದರೂ ಆ ಹುಡುಗಿಗೆ ಧಾರೆಗೆ ದೊಡ್ಡಮ್ಮನೇ ನೇಯ್ದ ನಾರಾಯಣಪೇಟೆ ಸೀರೆ ಬೇಕಿತ್ತು. ಅರ್ಧ ನೇಯ್ದಾಗಿತ್ತು. ಉಳಿದ ದಿನಗಳು ಉಳಿದ ಅರ್ಧಕ್ಕೆ ಸರಿಯಾಗಿದ್ದವು. ಸುಜಾತ ನನ್ನ ಮುಖ ನೋಡಿ, ಏನೂ ಕೇಳದೆ ಲಾಳಿ ಕೆಳಗಿಟ್ಟಳು.

ಮನೆ ಗಪ್ಪಾಯಿತು. ನಾನು ಬರೆದೆನೇ? ಇಲ್ಲ. ಎದೆಯ ಢವಢವ ಇನ್ನೂ ಚೆನ್ನಾಗಿ ಕೇಳತೊಡಗಿತು, ಅಷ್ಟೆ. ಬಾಗಿಲು ಹಾಕಿಕೊಂಡು ನಾಲ್ಕು ದಿನ, ಯಾರ್ಯಾರೋ ಅಡುಗೆ ಮಾಡುವ ವಿಡಿಯೊ ನೋಡಿದೆ. ಮೂರನೇ ದಿನ ಪಕ್ಕದ ಮನೆಯವರು ಬಂದು, ಮಗ್ಗ ಯಾಕೆ ನಿಂತಿದೆ ಎಂದು ಕೇಳಿದರು. ಸುಜಾತ ದನಿ ತಗ್ಗಿಸಿದಳು. "ಅವ್ರು ಬರಿಯಾಕ ಹತ್ಯಾರ. ಮೆಲ್ಲಕ ಮಾತಾಡ್ರಿ."

ನನ್ನ ಕೈಯ ಫೋನಿನಲ್ಲಿ ಯಾರದೋ ಬಿರಿಯಾನಿ ದಮ್ಮಿಗೆ ಕೂತಿತ್ತು. ಆಗಲಾದರೂ ಎದ್ದು ಹೋಗಿ, ನೀನು ನೇಯಿ ಎಂದಿದ್ದರೆ ಹಗಲುರಾತ್ರಿ ಕೂತಾದರೂ ಮುಗಿಸುವಷ್ಟು ವೇಳೆಯಿತ್ತು. ಹೋಗಲಿಲ್ಲ.

ಮದುವೆಗೆ ಹೊರಡುವ ದಿನ ಬಂದರೂ ಸೀರೆ ಮುಗಿಯಲಿಲ್ಲ. ಮಕ್ತಲ್ ದಾಟಿ ಗದ್ವಾಲ್ ಮುಟ್ಟುವವರೆಗೆ ಸುಜಾತ ಬಸ್ಸಿನ ಕಿಟಕಿಯಾಚೆ ನೋಡುತ್ತ ಕೂತಿದ್ದಳು. ಹುಡುಗಿ ಅಂಗಡಿ ಸೀರೆಯಲ್ಲೇ ಧಾರೆಗೆ ಕೂತಳು. ತಂಗಿ ಕೇಳಿದಾಗ ಸುಜಾತ ತಡವರಿಸದೆ ಹೇಳಿದಳು: "ಕೈ ನೋಯಾಕ ಹತ್ತಿತ್ತವ್ವ. ನೇಯಾಕ ಆಗಲಿಲ್ಲ."

ಮದುವೆಮನೆಯ ಅಷ್ಟು ಗಡಿಬಿಡಿಯಲ್ಲೂ ತಂಗಿ ಮುಲಾಮು ತಂದು ಅಕ್ಕನ ಮಣಿಕಟ್ಟಿಗೆ ತಿಕ್ಕಿದಳು. ನೋಯದ ಕೈಯನ್ನು ಸುಜಾತ ಸುಮ್ಮನೆ ಚಾಚಿ ಕೂತಳು. ನಾನು? ಹೌದು, ಭಾಳ ನೋವಿತ್ತು ಎಂದು ಪಕ್ಕದಲ್ಲಿ ನಿಂತು ತಲೆಯಾಡಿಸಿದೆ. ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಕಳವಳ ಯಾರಿಗೆ ಬರುವುದಿಲ್ಲ ಹೇಳಿ? ಅದು ತಪ್ಪಲ್ಲ. ನನ್ನ ಕಳವಳಕ್ಕೆ ಇನ್ನೊಬ್ಬರ ಕೆಲಸ ನಿಲ್ಲಿಸಿದೆನಲ್ಲ, ಅದು ತಪ್ಪು. ಮೊನ್ನೆ ಸುಜಾತಳಿಗೆ ಎಲ್ಲ ಹೇಳಿದೆ. "ಅವತ್ತೇ ಹೇಳಬೇಕಿತ್ತಲ್ರೀ" ಎಂದು ಮಗ್ಗಕ್ಕೆ ಕೂತಳು. ಈಗಲೂ ಎದೆ ಹೊಡೆದುಕೊಳ್ಳುತ್ತಿದೆ. ಹೊಡೆದುಕೊಳ್ಳಲಿ ಎಂದು ಬರೆಯುತ್ತಿದ್ದೇನೆ.

ನಾದಿನಿಗೂ ಹೇಳಬೇಕಿತ್ತು. ಇಲ್ಲಿ ಹೇಳಿದ್ದೇನೆ. ಗದ್ವಾಲ್‌ನ ಆ ಮನೆಯಲ್ಲಿ ಎಲ್ಲರೂ ತೆಲುಗು ಮೀಡಿಯಂ, ಒಬ್ಬರಿಗೂ ಕನ್ನಡ ಓದಲು ಬರುವುದಿಲ್ಲ ಎಂಬ ಧೈರ್ಯದಲ್ಲಿ.