ಸಾಣೆ ಅಕ್ಕನ ಮೂರು ನೀಲಿ ಹರಳು

ಬೆಳಿಗ್ಗೆ ಹತ್ತು ಗಂಟೆಗೆ ಸಾಣೆ ಅಕ್ಕ ನಲ್ಲಿಯ ಕೆಳಗೆ ನಿಂತು ಉಗುರು ಸಂದಿಗಳನ್ನು ಬ್ರಷ್‌ನಿಂದ ತಿಕ್ಕುತ್ತಿದ್ದರು. ಒರಟು ಪುಡಿಯ ಒಂದೇ ಒಂದು ಕಣ ಕೈಗಂಟಿ ನುಣುಪಾಗಿ ಉಜ್ಜುವ ತಟ್ಟೆಗೆ ಬಿದ್ದರೂ ಅವತ್ತಿನ ಕೆಲಸಕ್ಕೆಲ್ಲ ಗೀರು. ಕಲ್ಲಿನ ಚೂರನ್ನು ಗಾಜಿಗೆ ಅಂಟಿಸಿ, ಬೆಳಕು ಹಾಯುವಂತೆ ತಲೆಕೂದಲಿಗಿಂತ ತೆಳ್ಳಗೆ ಉಜ್ಜುವುದು ಅವರ ಕಸುಬು. ಭೂವಿಜ್ಞಾನ ವಿಭಾಗದ ಈ ನೆಲಮಹಡಿ ಕೋಣೆಯಲ್ಲಿ ಇಪ್ಪತ್ತಾರು ವರ್ಷ ಕಳೆದಿದ್ದಾರೆ. ಹಾಜರಿ ಪುಸ್ತಕದಲ್ಲಿ ಬೇರೆ ಹೆಸರಿದೆ. ಅದನ್ನು ಹಿಡಿದು ಕರೆದರೆ, ಯಾರನ್ನು ಕರೆದರು ಎಂದು ಅವರೇ ಹಿಂದೆ ತಿರುಗಿ ನೋಡುತ್ತಾರೆ.

"ಸಾಣೆ ಅಕ್ಕಾ, ಸಿಕ್ತು!" ಯುವ ಸಂಶೋಧಕಿ ಎರಡೆರಡು ಮೆಟ್ಟಿಲು ಹಾರಿ ಇಳಿದು ಬಂದಳು. "ಮೂರು ಹರಳು! ನೀಲಿ!"

ಒಂದು ದ್ವೀಪದ ಜ್ವಾಲಾಮುಖಿ ಭೂಮಿಯ ಆಳದಿಂದ ಲಾವಾದ ಜೊತೆ ಹೊತ್ತು ತಂದ, ನಿಂಬೆಹಣ್ಣಿನಷ್ಟು ದೊಡ್ಡ ಹಸಿರು ಕಲ್ಲು ಅವಳ ಸಂಶೋಧನೆಯದು. ಅದರಲ್ಲಿ ಮೊಯ್ಸನೈಟ್ ಎಂಬ ಅಪರೂಪದ ನೀಲಿ ಖನಿಜಕ್ಕಾಗಿ ಅವಳು ಎರಡು ವರ್ಷದಿಂದ ಕಣ್ಣು ಸವೆಸಿದ್ದಳು. ಶುಕ್ರವಾರ ಸಮ್ಮೇಳನಕ್ಕೆ ವರದಿ ಕಳಿಸಬೇಕಿತ್ತು.

ಅಕ್ಕ ನಕ್ಕರು, ಆದರೆ ನಗು ಅರ್ಧಕ್ಕೇ ನಿಂತಿತು. ಕಪಾಟಿನ ಕಂದು ಡಬ್ಬಿಯಲ್ಲಿದ್ದ ಉಜ್ಜುವ ಪುಡಿಯೂ ಮೊಯ್ಸನೈಟೇ, ಕಾರ್ಖಾನೆಯಲ್ಲಿ ಮಾಡಿದ್ದು. ಅದರ ಕಣ ಬಿರುಕಿಗೆ ಹೊಕ್ಕರೆ ಕಲ್ಲಿನದೇ ಹರಳಿನಂತೆ ಕಾಣುತ್ತದೆ. ಈ ಕಲ್ಲಿಗೆ ಅದನ್ನು ಸೋಕಿಸಬಾರದು, ವಜ್ರದ ಪೇಸ್ಟ್ ಮಾತ್ರ ಎಂಬುದು ನಿಯಮ. ಹೋದ ತಿಂಗಳು ಪೇಸ್ಟ್ ಮುಗಿದಿತ್ತು, ಹುಡುಗಿ ಬೇಗ ಬೇಗ ಅನ್ನುತ್ತಿದ್ದಳು. ಮೊದಲ ಸುತ್ತು ಉಜ್ಜುವುದನ್ನು ಅಕ್ಕ ಪುಡಿಯಲ್ಲೇ ಮುಗಿಸಿದ್ದರು. ತಮ್ಮ ದಿನಚರಿಯಲ್ಲಿ ಅದನ್ನು ಬರೆದಿದ್ದರು, ಗಾಜಿಗಂಟಿಸಿದ ಚೀಟಿಯ ಮೇಲೆ ಬರೆದಿರಲಿಲ್ಲ.

ಮಧ್ಯಾಹ್ನ ಎದುರು ರಸ್ತೆಯ ತಮ್ಮ ಗಂಡನ ಕ್ಷೌರದಂಗಡಿಯಲ್ಲಿ ಅವರ ಜೊತೆ ಊಟಕ್ಕೆ ಕೂತರು.

"ಹೇಳಿದ್ರೆ ಆ ಮಗು ಮುಖ ಬಾಡುತ್ತೆ ಕಣ್ರೀ. ನನ್ನ ಹೆಸರೂ ಹೋಗುತ್ತೆ."

"ಕತ್ತರಿ ಗಿರಾಕಿ ಕಿವಿಗೆ ತಾಗಿದ್ರೆ ನಾನೇ ಹೇಳಿಬಿಡ್ತೀನಿ," ಅಂದರು ಕ್ಷೌರಿಕರು, ಊಟದ ಡಬ್ಬಿಯ ಮುಚ್ಚಳ ಹಾಕುತ್ತ. "ಅವನು ಕನ್ನಡಿ ನೋಡೋಕ್ ಮುಂಚೆ."

ಅಕ್ಕ ಕೈ ತೊಳೆದು ನೇರ ವಿಭಾಗದ ಮೇಲಿನ ಮಹಡಿಗೆ ಹೋಗಿ ಎಲ್ಲ ಹೇಳಿದರು. ಹುಡುಗಿ ಸೂಕ್ಷ್ಮದರ್ಶಕದ ದೀಪ ಆರಿಸಿದಳು.

"ಅವಸರ ಮಾಡಿದ್ದು ನಾನೇ ಅಲ್ವಾ ಅಕ್ಕ? ಈಗೇನ್ ಮಾಡೋದು?"

"ಇನ್ನರ್ಧ ಕಲ್ಲಿದೆಯಲ್ಲ. ಪೇಸ್ಟೂ ಬಂದಿದೆ. ಗುರುವಾರದವರೆಗೆ ನನ್ನ ತಲೆ ತಿನ್ನಬೇಡ."

ಹೊಸ ತಟ್ಟೆ, ಹೊಸ ಬೋಗುಣಿ, ಒಗೆದ ಏಪ್ರನ್. ಕಂದು ಡಬ್ಬಿಯನ್ನು ಕೋಣೆಯಲ್ಲೇ ಇಟ್ಟುಕೊಳ್ಳಲು ಮನಸ್ಸಾಗದೆ ಗಂಡನ ಅಂಗಡಿಯಲ್ಲಿಟ್ಟು ಬಂದರು. "ಪೌಡರ್ ಅಂತ ಗಿರಾಕಿ ಕೆನ್ನೆಗೆ ಹಚ್ಚಿಬಿಟ್ಟೀರಿ!"

"ಹಚ್ಚಿದ್ರೆ ಗಡ್ಡ ಜನ್ಮಕ್ಕೂ ಬರಲ್ಲ. ನನ್ನ ಹೊಟ್ಟೆ ಮೇಲೆ ನಾನೇ ಹೊಡ್ಕೊಳ್ಳಲಾ?"

ಗುರುವಾರ ನಾಲ್ಕು ಗಾಜು ಸಿದ್ಧವಾದವು. ಹುಡುಗಿ ಸೂಕ್ಷ್ಮದರ್ಶಕಕ್ಕೆ ಬಗ್ಗಿದಳು. ಮೂರರಲ್ಲಿ ಏನೂ ಇರಲಿಲ್ಲ. ನಾಲ್ಕನೆಯದರಲ್ಲಿ ಉಸಿರು ಹಿಡಿದಳು. ಹಸಿರು ಹರಳೊಂದರ ಒಡಲಲ್ಲಿ, ಸುತ್ತ ಒಂದೂ ಬಿರುಕಿಲ್ಲದೆ, ಒಂದು ನೀಲಿ ಚುಕ್ಕೆ ಹುದುಗಿತ್ತು. ಹಳೆಯ ಗಾಜನ್ನು ಮತ್ತೆ ಇಟ್ಟು ನೋಡಿದರೆ ಆ ಮೂರೂ ಬಿರುಕಿನಲ್ಲೇ ಸಿಕ್ಕಿಕೊಂಡಿದ್ದವು.

"ಆ ಮೂರು ನನ್ನವು," ಎಂದರು ಅಕ್ಕ. "ಇದು ಕಲ್ಲಿಂದೇ ಇರ್ಬೇಕು. ಕುಣೀಬೇಡ, ಮೇಜು ಅಲ್ಲಾಡುತ್ತೆ."

ಶುಕ್ರವಾರದ ವರದಿಯಲ್ಲಿ ಮೂರು ಹೋಗಿ ಒಂದಾಯಿತು, ಅದರ ಮುಂದೆ 'ಪರೀಕ್ಷೆ ಬಾಕಿ' ಎಂದು ಸೇರಿತು. ಸೋಮವಾರ ಆ ಗಾಜು ಇನ್ನೊಂದು ಊರಿನ ಪ್ರಯೋಗಾಲಯಕ್ಕೆ ಹೋಗುತ್ತದೆ. ಹೋಲಿಸಿ ನೋಡಲೆಂದು ಕಂದು ಡಬ್ಬಿಯ ಒಂದು ಚಿಟಿಕೆ ಪುಡಿಯೂ ಬೇರೆ ಪೊಟ್ಟಣದಲ್ಲಿ ಜೊತೆಗೆ ಹೋಗುತ್ತದೆ.